ಇಳಿಜಾರಿನ ಕೊರತೆ

ಓಡುವ ವಾಹನಕ್ಕೆ ನಾನು ಹೆದರುವುದಿಲ್ಲ. ಅದು ಬರುತ್ತಿದೆಯೆಂದು ಗೊತ್ತಾಗುತ್ತದೆ, ಹಾರ್ನ್ ಹಾಕುತ್ತದೆ, ನಮ್ಮನ್ನು ಬೈಯಲು ಒಳಗೆ ಡ್ರೈವರನಾದರೂ ಇರುತ್ತಾನೆ. ನನಗೆ ಹೆದರಿಕೆ ನಿಂತ ವಾಹನದ್ದು. ಈಗಲೂ ನಿಂತ ಕಾರಿನ ಮುಂದೆ ನಾನು ಹಾಯುವುದಿಲ್ಲ. ಹಿಂದಿನಿಂದ ಸುತ್ತಿ ಹೋಗುತ್ತೇನೆ. ಹೆಂಡತಿ ನಗುತ್ತಾಳೆ. ಅವಳು ಆ ದಿನ ಹಂಪನಕಟ್ಟೆಯಲ್ಲಿ ಇರಲಿಲ್ಲ.

ಎಪ್ಪತ್ತರ ದಶಕದ ಕೊನೆಯ ಮಾತು. ಮಂಗಳೂರಿನಲ್ಲಿ ಕಾರು, ಸ್ಕೂಟರುಗಳು ಹೆಚ್ಚಾಗಿ, ನಿಲ್ಲಿಸಲು ಜಾಗವೇ ಇಲ್ಲವೆಂದು ಪೇಟೆಯ ವರ್ತಕರು ದೂರು ಕೊಟ್ಟಿದ್ದರು. ಹಂಪನಕಟ್ಟೆಯಲ್ಲೊಂದು ಇಳಿಜಾರು ರಸ್ತೆ, ಅದರ ಬುಡದಲ್ಲಿ ಸಮತಟ್ಟು ಜಾಗ, ಆ ಜಾಗದ ಅಂಚಿನಲ್ಲಿ ಹೂ ಮಾರುವವರ ಸಾಲು. ಹೂವಿನವರನ್ನು ಎಬ್ಬಿಸಿದರೆ ಇನ್ನಷ್ಟು ಕಾರು ಹಿಡಿಯುತ್ತದೆ ಎಂಬುದು ನಮ್ಮ ನಗರಸಭೆ ಕಚೇರಿಯ ಯೋಚನೆ. ಅದು ಬೇಕೋ ಬೇಡವೋ ಎಂದು ನೋಡಿ ವರದಿ ಬರೆಯುವ ಕೆಲಸ ಡ್ರಾಯಿಂಗ್ ಶಾಖೆಯಲ್ಲಿದ್ದ ನನ್ನ ಪಾಲಿಗೆ ಬಂತು. ಸಾಲಿನ ಮೊದಲಿಗೆ ಕೂರುತ್ತಿದ್ದವರು ದೇರೆಬೈಲಿನ ಅಪ್ಪಿಯಕ್ಕ. ಮಣ್ಣಗುಡ್ಡದ ನಮ್ಮ ಮನೆಗೆ ಮಲ್ಲಿಗೆ ಹೋಗುತ್ತಿದ್ದುದು ಅವರ ಬುಟ್ಟಿಯಿಂದಲೇ.

"ಬರೆಯಿರಿ, ಬರೆಯಿರಿ," ಎಂದರು ಅವರು, ಹೂ ಕಟ್ಟುವ ಕೈ ನಿಲ್ಲಿಸದೆ. "ನಾಳೆಯಿಂದ ನಿಮ್ಮ ಹೆಂಡತಿ ಅಂಬಾಸಿಡರನ್ನೇ ಮುಡಿಯಲಿ. ನನಗೆ ಬೇರೆ ಜಾಗ ಎಲ್ಲುಂಟು ಮಾರಾಯ್ರೆ? ಗಿರಾಕಿಗಳು ನನ್ನನ್ನು ಹುಡುಕಿಕೊಂಡು ದೇರೆಬೈಲಿಗೆ ಬರ್ತಾರಾ?"

ನಾನು ನಿಧಾನದ ಮನುಷ್ಯ. ಕಂಡದ್ದನ್ನು ಇನ್ನೊಮ್ಮೆ ನೋಡದೆ ಬರೆಯುವವನಲ್ಲ. ಎಷ್ಟು ಸಲ ನೋಡಿದರೂ ಕಂಡದ್ದು ಒಂದೇ. ಇಳಿಜಾರಿನಲ್ಲಿ ಕಾಲಿಡಲು ಎಡೆಯಿಲ್ಲದಂತೆ ಕಾರುಗಳು, ಎಲ್ಲದರ ಮೂತಿಯೂ ಕೆಳಗೆ, ಮುಂದಿನ ಚಕ್ರಕ್ಕೆ ಒಂದೊಂದು ಕಲ್ಲು. ಬುಡದ ಸಮತಟ್ಟಿನಲ್ಲಿ ಒಂದು ದನ ಮಲಗಿತ್ತು. ಅದರ ಸುತ್ತ ಬೇಕಾದಷ್ಟು ಜಾಗವಿತ್ತು.

ಜವಳಿ ಅಂಗಡಿಯ ಸಂಜೀವಣ್ಣನನ್ನು ಕೇಳಿದೆ. ದೂರಿನಲ್ಲಿ ಮೊದಲ ಸಹಿ ಅವರದು.

"ಕೆಳಗೆ ಅಷ್ಟು ಜಾಗ ಖಾಲಿ ಉಂಟಲ್ಲ?"

"ಉಂಟು. ಅಲ್ಲಿ ಇಟ್ಟರೆ ಸಂಜೆ ದೂಡುವುದು ಯಾರು, ನೀವಾ?"

ಅವರ ಅಂಬಾಸಿಡರಿನ ಬ್ಯಾಟರಿ ಸತ್ತು ಒಂದು ಮಳೆಗಾಲ ಕಳೆದಿತ್ತು. ಇಳಿಜಾರಿನಲ್ಲಾದರೆ ಕಲ್ಲು ತೆಗೆದು ಒಳಗೆ ಕೂತರಾಯಿತು. ಉರುಳುವಾಗ ಗೇರ್ ಹಾಕಿದರೆ ಇಂಜಿನ್ ತಾನಾಗಿ ಎಚ್ಚರಗೊಳ್ಳುತ್ತದೆ. ಆ ಸಾಲಿನ ಹೆಚ್ಚಿನ ಕಾರುಗಳ ಕತೆಯೂ ಅದೇ.

"ಹ್ಯಾಂಡ್ ಬ್ರೇಕ್ ಇಲ್ಲವಾ?" ಎಂದೆ.

"ಆ ಕಲ್ಲು ಮತ್ತೆ ಎಂತ?"

ಮರುದಿನ ನಮ್ಮ ಇಂಜಿನಿಯರ್ ಸ್ಥಳ ನೋಡಲು ಬಂದರು. ಬಯಲುಸೀಮೆಯಿಂದ ಹೊಸದಾಗಿ ವರ್ಗವಾಗಿ ಬಂದವರು, ಇಳಿಜಾರಿಲ್ಲದ ಊರಿನವರು. "ರಸ್ತೆ ತುಂಬಾ ಯಾವನ್ರೀ ಕಲ್ಲು ಹಾಕಿರೋನು?" ಎಂದು ಸಾಲಿನಲ್ಲಿ ಎಲ್ಲಕ್ಕಿಂತ ಕೆಳಗೆ ನಿಂತಿದ್ದ ಸಂಜೀವಣ್ಣನ ಕಾರಿನ ಕಲ್ಲನ್ನು ಬೂಟಿನಿಂದ ಒದ್ದರು. ಅದು ಕದಲಲಿಲ್ಲ. ಮತ್ತೊಮ್ಮೆ, ಸ್ವಲ್ಪ ಸಿಟ್ಟಿನಿಂದ, ಒದ್ದರು.

ನಾನು ಕೆಳಗೆ ಅಳತೆಯ ಟೇಪ್ ಹಿಡಿದು ನಿಂತಿದ್ದೆ. ಶಬ್ದವಿಲ್ಲ, ಒಳಗೆ ಯಾರೂ ಇಲ್ಲ. ಅಂಬಾಸಿಡರ್ ಮದುವೆಮನೆಗೆ ಬರುವ ದೊಡ್ಡ ಮನುಷ್ಯರ ಹಾಗೆ ಗಂಭೀರವಾಗಿ ನನ್ನತ್ತ ಬಂತು. ಓಡಬೇಕೆಂದು ನನಗೆ ತಿಳಿಯಿತು, ಕಾಲಿಗೆ ತಿಳಿಯಲಿಲ್ಲ. ಮೇಲಿನಿಂದ ಸಂಜೀವಣ್ಣ "ಅಯ್ಯಯ್ಯೋ, ನನ್ನ ಗಾಡಿ!" ಎಂದು ಕೂಗಿದ್ದು ಕೇಳಿಸಿತು. ನನ್ನ ಹೆಸರನ್ನು ಯಾರೂ ಕೂಗಲಿಲ್ಲ. ಅಪ್ಪಿಯಕ್ಕ ಎದ್ದು, ತಾವು ಕೂತಿದ್ದ ಮರದ ಮಣೆಯನ್ನು ಚಕ್ರದ ಅಡಿಗೆ ತಳ್ಳಿದರು. ಕಾರು ಒಮ್ಮೆ ಬಿಕ್ಕಿ ನಿಂತಿತು. ಬಂಪರ್ ನನ್ನ ಮೊಣಕಾಲನ್ನು ಮುಟ್ಟಿತ್ತು, ನೂಕಿರಲಿಲ್ಲ.

ಅಪ್ಪಿಯಕ್ಕ ಇಂಜಿನಿಯರರ ಕಡೆ ತಿರುಗಿದರು. "ಎಬ್ಬಿಸಬೇಕೂಂತ ಇದ್ದಿರಲ್ಲ? ಇಕೊಳ್ಳಿ, ಎದ್ದಿದ್ದೇನೆ. ಈಗ ಕೂರಲಿಕ್ಕೆ ಮಣೆ ಕೊಡಿ."

ಕಚೇರಿಗೆ ಮರಳಿ ವರದಿ ಬರೆದೆ: "ಸ್ಥಳದ ಕೊರತೆ ಕಂಡುಬಂದಿಲ್ಲ, ಇಳಿಜಾರಿನ ಕೊರತೆ ಇದೆ. ಹೂವಿನವರನ್ನು ತೆರವುಗೊಳಿಸಿದರೆ ಅದು ನೀಗುವುದಿಲ್ಲ."

"ಇದನ್ನ ಮೇಲಕ್ಕೆ ಕಳಿಸಿದ್ರೆ ನಗಲ್ವೇನ್ರೀ?" ಎಂದರು ಇಂಜಿನಿಯರ್. ಆಮೇಲೆ ತಮ್ಮ ಬೂಟಿನ ತುದಿಯನ್ನು ಸ್ವಲ್ಪ ಹೊತ್ತು ನೋಡಿ ಸಹಿ ಹಾಕಿದರು. ಹೂವಿನ ಸಾಲು ಅಲ್ಲೇ ಉಳಿಯಿತು.

ಕೆಲವು ವರ್ಷಗಳ ನಂತರ ನಾನೂ ಒಂದು ಹಳೆಯ ಸ್ಕೂಟರ್ ಕೊಂಡೆ. ಇಳಿಜಾರಿನಲ್ಲಿ ನಿಲ್ಲಿಸಲು ಧೈರ್ಯ ಸಾಲದೆ, ಬುಡದ ಸಮತಟ್ಟಿನಲ್ಲೇ ಇಡುತ್ತಿದ್ದೆ. ಜಾಗ ಧಾರಾಳವಾಗಿತ್ತು. ಸಂಜೆ ಎಷ್ಟು ಒದ್ದರೂ ಅದು ಶುರುವಾಗುತ್ತಿರಲಿಲ್ಲ. ಅಪ್ಪಿಯಕ್ಕ ಮಣೆಯ ಮೇಲಿಂದಲೇ ಕೇಳುತ್ತಿದ್ದರು, "ಮೇಲೆ ಇಡಬಾರದಾ ಮಾರಾಯ್ರೆ?" ನಾನು ಸ್ಕೂಟರನ್ನು ಏದುಸಿರು ಬಿಡುತ್ತ ಇಳಿಜಾರಿನ ಮೇಲಿನ ತುದಿಯವರೆಗೆ ದೂಡಿಕೊಂಡು ಹೋಗುತ್ತಿದ್ದೆ, ಅಲ್ಲಿಂದ ಉರುಳಿಸಿಕೊಂಡು ಬರಲು.