ಎಡಗೈ ಪರೀಕ್ಷೆ

ಗಡಿಯಾರದಣ್ಣನ ಎಡಗೈ ಸುಧಾರಿಸತೊಡಗಿದ್ದೇ ಎಲ್ಲ ಫಜೀತಿಗೂ ಮೂಲ.

ಎರಡು ವರ್ಷದ ಹಿಂದೆ ಲಕ್ವ ಹೊಡೆದಾಗಿನಿಂದ ಆ ಕೈ, ಬಂದು ಬೀಡುಬಿಟ್ಟ ನೆಂಟನ ಹಾಗೆ, ಕೆಲಸವಿಲ್ಲದೆ ಮಡಿಲಲ್ಲಿ ಬಿದ್ದುಕೊಂಡಿತ್ತು. ಕೆಟ್ಟ ಕೈಗಡಿಯಾರಗಳನ್ನು ಅವನು ಮೇಜಿಗೆ ಬಿಗಿದ ಇಕ್ಕಳಕ್ಕೆ ಸಿಕ್ಕಿಸಿ ಬಲಗೈಯೊಂದರಲ್ಲೇ ರಿಪೇರಿ ಮಾಡುತ್ತಿದ್ದ. ಆರು ತಿಂಗಳಿಂದ ಪ್ರತಿ ಶುಕ್ರವಾರ ಹನ್ನೊಂದಕ್ಕೆ ಲ್ಯಾಪ್‌ಟಾಪಿನ ಮುಂದೆ ಕುರ್ಚಿ ಹಾಕಿಕೊಂಡು, ತನ್ನಂಥ ಇನ್ನೂ ಐದು ಜನರ ಜೊತೆ, ವ್ಯಾಯಾಮದ ಟೀಚರಮ್ಮ ಹೇಳಿದಂತೆ ಕೈಕಾಲು ಆಡಿಸುತ್ತಿದ್ದ. ಎಲ್ಲರೂ ಅವರವರ ಮನೆಯಲ್ಲಿ, ಅವರವರ ಕುರ್ಚಿಯಲ್ಲಿ. ಮೂರು ವಾರದ ಹಿಂದೆ ಆ ಕೈ ಅದೇನು ಗ್ರಹಚಾರವೋ, ಒಂದೇ ಸಮನೆ ಹನ್ನೆರಡು ಸಲ ನೆಟ್ಟಗೆ ಮೇಲೆದ್ದುಬಿಟ್ಟಿತು.

"ಭೇಷ್ ಸರ್," ಎಂದರು ಟೀಚರಮ್ಮ. "ಇನ್ನು ಮೂರು ವಾರಕ್ಕೆ ಪರೀಕ್ಷೆ. ಹತ್ತು ಸಲ ಎತ್ತಿದೋರು ಬೆಳಿಗ್ಗೆ ಆರರ ಗುಂಪಿಗೆ ಹೋಗ್ತಾರೆ. ನೀವಂತೂ ಹೋದ ಹಾಗೇ ಲೆಕ್ಕ."

ಗಡಿಯಾರದಣ್ಣನ ಎದೆ ಧಸಕ್ಕೆಂದಿತು. ಏಕೆಂದರೆ ಹನ್ನೊಂದರ ಗುಂಪಿನಲ್ಲಿ ಲೈಬ್ರರಿಯಮ್ಮ ಇದ್ದರು. ಅಪಘಾತವೊಂದರಲ್ಲಿ ಅವರ ಬಲಗೈ ಸೋತಿತ್ತು. ತರಗತಿಗೆ ಹತ್ತು ನಿಮಿಷ ಮೊದಲೇ ಬಂದು, ತಲೆಯಿಂದ ಮೊಣಕಾಲಿನವರೆಗೆ ಕ್ಯಾಮರಾಕ್ಕೆ ಕಾಣುತ್ತದೋ ಇಲ್ಲವೋ ಎಂದು ನೋಡಿಕೊಳ್ಳಬೇಕೆಂಬುದು ಟೀಚರಮ್ಮನ ಕಟ್ಟಪ್ಪಣೆ. ಹಾಗೆ ಮೊದಲೇ ಬರುತ್ತಿದ್ದವರು ಇವರಿಬ್ಬರೇ. ಆ ಹತ್ತು ನಿಮಿಷದಲ್ಲಿ ಅವರು ಅಂಗಿಯ ಗುಂಡಿಯನ್ನು ಒಂಟಿ ಕೈಯಲ್ಲಿ ಹಾಕುವುದು ಹೇಗೆಂಬುದರಿಂದ ಹಿಡಿದು ಒಂಟಿಯಾಗಿ ಬದುಕುವುದರ ತನಕ ಎಲ್ಲವನ್ನೂ ಮಾತಾಡಿದ್ದರು. ಅವನ ವಾರಕ್ಕೆ ಇದ್ದದ್ದೇ ಆ ಹತ್ತು ನಿಮಿಷ.

ಫೋನ್ ನಂಬರು ಕೇಳಬಹುದಿತ್ತಲ್ಲ ಅಂತೀರಾ? ಅವನಿಗೆ ಅಷ್ಟು ಧೈರ್ಯವಿದ್ದಿದ್ದರೆ ನಾನು ಈ ಕತೆ ಹೇಳಬೇಕಾಗಿರಲಿಲ್ಲ.

ಲೈಬ್ರರಿಯಮ್ಮನ ಕೈ ಆರು ಸಲಕ್ಕಿಂತ ಹೆಚ್ಚು ಎದ್ದದ್ದನ್ನು ಅವನು ನೋಡಿರಲಿಲ್ಲ. ಅವರು ಈ ಗುಂಪಿನಲ್ಲೇ ಉಳಿಯುವುದು ಖಂಡಿತ. ಹಾಗಾಗಿ ತಾನು ಫೇಲಾಗಬೇಕು. ಅವನು ಗಟ್ಟಿ ಮನಸ್ಸು ಮಾಡಿದ.

ಪರೀಕ್ಷೆಯ ದಿನ ಬೆಳಿಗ್ಗೆ ಹತ್ತೂವರೆಗೆ ಬಾಗಿಲು ಬಡಿದ ಸದ್ದಾಯಿತು. ಅವನ ಮನೆ ನೋಡಿಕೊಳ್ಳುತ್ತಿದ್ದ ಅಕ್ಕ ತಮ್ಮನ ಪರೀಕ್ಷೆಯ ಸುದ್ದಿಯನ್ನು ಇಡೀ ಕಟ್ಟಡಕ್ಕೆ ಸಾರಿದ್ದಳು. ಮೇಲಿನ ಮಹಡಿಯ ಡ್ರಿಲ್ ಮೇಷ್ಟ್ರು ಬಂದು ನಿಂತಿದ್ದರು. ಮೂವತ್ತು ವರ್ಷ ಶಾಲೆಯ ಮೈದಾನದಲ್ಲಿ ಮಕ್ಕಳ ಕೈಕಾಲು ಎತ್ತಿಸಿ ನಿವೃತ್ತರಾದವರು. ಆಮೇಲೆ ಎತ್ತಿಸಲು ಯಾರೂ ಸಿಗದೆ ಸೊರಗಿಹೋಗಿದ್ದರು.

"ಎಲ್ಲಿ, ಒಂದ್ಸಲ ಎತ್ತಿ ತೋರ್ಸಪ್ಪ," ಎಂದರು.

ಗಡಿಯಾರದಣ್ಣ ಮುಖ ಕಿವುಚಿಕೊಂಡು ಕೈಯನ್ನು ಎದೆಯ ತನಕ ಎಳೆದು, ದೊಪ್ಪೆಂದು ಬಿಟ್ಟ.

ಅಕ್ಕನ ಮುಖ ಸಪ್ಪಗಾಯಿತು. "ಅಯ್ಯೋ, ನಿನ್ನೆ ಎದ್ದಿತ್ತಲ್ಲೋ ಇದು."

"ಭಯ ಕಣಮ್ಮ, ಬರೀ ಭಯ," ಎಂದು ಮೇಷ್ಟ್ರು ಸಮಾಧಾನ ಹೇಳಿದರು. "ಪರೀಕ್ಷೆ ಅಂದ್ರೆ ಎಂಥೆಂಥೋರಿಗೂ ಕೈಕಾಲು ಬಿದ್ದುಹೋಗುತ್ತೆ. ನೀವು ಒಂದು ದುಪ್ಪಟಿ ಕೊಡಿ. ಉಳಿದದ್ದು ನನಗೆ ಬಿಡಿ."

ಅವರ ಉಪಾಯ ಕೇಳಿ ಗಡಿಯಾರದಣ್ಣ ಬೆವತುಹೋದ. ಕುರ್ಚಿಯ ಬೆನ್ನಿಗೆ ದುಪ್ಪಟಿ ಹೊದಿಸುವುದು. ಅದರ ಹಿಂದೆ ಮೇಷ್ಟ್ರು ಕುಕ್ಕರಗಾಲಲ್ಲಿ ಕೂರುವುದು. ಕೈ ಮೇಲೇಳದಿದ್ದರೆ ಹಿಂದಿನಿಂದ ಮೊಣಕೈ ಹಿಡಿದು ಎತ್ತುವುದು.

"ಬೇಡ ಮೇಷ್ಟ್ರೇ, ಅದು ಮೋಸ ಆಗುತ್ತೆ."

"ಮೋಸ ಅಲ್ಲ ಕಣಯ್ಯ, ಪ್ರೋತ್ಸಾಹ," ಎಂದ ಮೇಷ್ಟ್ರು ಆಗಲೇ ದುಪ್ಪಟಿಯೊಳಗೆ ನುಸುಳಿಯಾಗಿತ್ತು.

ಅಷ್ಟು ಹೊತ್ತಿಗೆ ಹನ್ನೊಂದು ಹೊಡೆಯಿತು. ಈ ಗಲಾಟೆಯಲ್ಲಿ ಅವನ ಹತ್ತು ನಿಮಿಷವೂ ಮಣ್ಣುಪಾಲಾಯಿತು. ಪರದೆಯ ಮೇಲೆ ಲೈಬ್ರರಿಯಮ್ಮ ಯಾಕೋ ತುಟಿ ಬಿಗಿಹಿಡಿದು ಕೂತಿದ್ದರು.

"ಮೊದಲು ನೀವೇ ಸರ್," ಎಂದರು ಟೀಚರಮ್ಮ.

ಗಡಿಯಾರದಣ್ಣ ಕೈಯನ್ನು ಕೆಳಗೆ ಒತ್ತಿ ಹಿಡಿದ. ಹಿಂದಿನಿಂದ ಮೇಷ್ಟ್ರು ಮೇಲಕ್ಕೆ ತಳ್ಳಿದರು. ಇವನು ಒತ್ತಿದಷ್ಟೂ ಅವರು ತಳ್ಳಿದರು. ಇಬ್ಬರ ಜಗ್ಗಾಟದಲ್ಲಿ ಕೈ ತುಕ್ಕು ಹಿಡಿದ ಬೋರ್‌ವೆಲ್ಲಿನ ಹಿಡಿಯ ಹಾಗೆ ಅಲ್ಲಾಡುತ್ತ ಏರಿತು, ಇಳಿಯಿತು, ಮತ್ತೆ ಏರಿತು. ಇಷ್ಟಕ್ಕೇ ನಿಂತಿದ್ದರೆ ಅವನು ಪಾಸಾಗಿಯೇಬಿಡುತ್ತಿದ್ದ. ಆದರೆ ಮೂವತ್ತು ವರ್ಷದ ಅಭ್ಯಾಸ ಸುಮ್ಮನಿರಬೇಕಲ್ಲ. ಮೂರನೆಯ ಸಲ ಕೈ ಮೇಲೇಳುವಾಗ ದುಪ್ಪಟಿಯೊಳಗಿಂದ ಮೈದಾನದ ಕಂಠ ಮೊಳಗಿತು.

"ತ್ರೀ... ಡೌನ್. ಫೋರ್... ಡೌನ್."

ಟೀಚರಮ್ಮ ಪರದೆಗೆ ಮುಖ ತಂದರು. "ಸರ್, ನಿಮ್ಮ ಕುರ್ಚಿ ಎಣಿಸ್ತಾ ಇದೆ."

ದುಪ್ಪಟಿ ಇನ್ನಷ್ಟು ಕುಗ್ಗಿ ಕೂತಿತು.

"ಹಿಂದೆ ಯಾರಿದ್ದೀರೋ ಎದ್ದು ನಿಲ್ಲಿ."

ಅಪ್ಪಣೆ ಅಂದಮೇಲೆ ಮೇಷ್ಟ್ರು ತಡಮಾಡುವವರಲ್ಲ. ದುಪ್ಪಟಿ ಹೊದ್ದುಕೊಂಡೇ ಅಟೆನ್ಷನ್ನಿನಲ್ಲಿ ಎದ್ದು ನಿಂತರು. ಪರದೆಯಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು, ಲೈಬ್ರರಿಯಮ್ಮನೊಬ್ಬರನ್ನು ಬಿಟ್ಟು.

"ಈಗ ನೀವೊಬ್ಬರೇ ಎತ್ತಿ ಸರ್," ಎಂದರು ಟೀಚರಮ್ಮ. ಅವನು ಎರಡು ಸಲ ಅರ್ಧಕ್ಕೆ ಎತ್ತಿ, ಸೋತವನಂತೆ ತಲೆ ತಗ್ಗಿಸಿದ. "ಹಾಗಾದ್ರೆ ಇನ್ನು ಮೂರು ತಿಂಗಳು ಇದೇ ಗುಂಪು. ನಿಮ್ಮನೇಲಿ ಸದ್ದು ಜಾಸ್ತಿ, ಮೈಕು ನಾನೇ ಮುಚ್ಚಿರ್ತೀನಿ."

ಇದ್ದಲ್ಲೇ ಕುಣಿಯಬೇಕೆನಿಸಿತು ಅವನಿಗೆ. ಆಗ ಅಕ್ಕ ಮೆಲ್ಲಗೆ ಬಂದು ಆ ಎಡಗೈಯನ್ನು ತನ್ನ ಎರಡು ಕೈಯಲ್ಲಿ ಹಿಡಿದುಕೊಂಡಳು. "ಹೋಗ್ಲಿ ಬಿಡೋ. ಇದು ಎದ್ರೆ ಏಳ್ಲಿ, ಇಲ್ದಿದ್ರೆ ನಂದು ಎರಡಿದೆಯಲ್ಲ," ಎಂದಳು. ಅವಳ ಕಣ್ಣು ತುಂಬಿತ್ತು. ಇವಳಿಗಾದರೂ ನಿಜ ಹೇಳಬೇಕಿತ್ತು ಎಂದುಕೊಳ್ಳುತ್ತ ಅವನು ಬಲಗೈಯನ್ನು ಅವಳ ಹೆಗಲ ಮೇಲಿಟ್ಟ.

"ಮುಂದೆ ಲೈಬ್ರರಿ ಮೇಡಂ."

ಲೈಬ್ರರಿಯಮ್ಮನ ಬಲಗೈ ಎದ್ದಿತು. ಒಂದು, ಎರಡು, ಮೂರು. ಐದಕ್ಕೆ ಅವರ ತೋಳು ನಡುಗಿತು. ಆರು. ಇನ್ನೇನು ಮುಗಿಯಿತು ಎಂದುಕೊಂಡ ಗಡಿಯಾರದಣ್ಣ. ಏಳು. ಅವನು ಕುರ್ಚಿಯ ಅಂಚಿಗೆ ಸರಿದ. ಎಂಟು, ಒಂಬತ್ತು. ಹಣೆಯ ಬೆವರು ಕಣ್ಣಿಗಿಳಿದರೂ ಅವರು ಒರೆಸಿಕೊಳ್ಳಲಿಲ್ಲ. ಹತ್ತು.

"ಮೇಡಂ, ಸೋಮವಾರದಿಂದ ನೀವು ಆರರ ಗುಂಪು," ಎಂದು ಟೀಚರಮ್ಮ ಚಪ್ಪಾಳೆ ತಟ್ಟಿದರು.

ಲೈಬ್ರರಿಯಮ್ಮ ನಗಲಿಲ್ಲ. "ಗಡಿಯಾರದವರೇ," ಎಂದರು, ಎಲ್ಲರ ಮುಂದೆಯೇ. "ನೀವು ಹೋಗಿಬಿಡ್ತೀರ, ನಾನೊಬ್ಬಳೇ ಇಲ್ಲಿ ಉಳೀತೀನಿ ಅಂತ, ಮೂರು ವಾರದಿಂದ ದಿನಾ ಪುಸ್ತಕಗಳನ್ನ ಕಪಾಟಿನ ಮೇಲಿನ ಅರೆಗೆ ಎತ್ತಿ ಎತ್ತಿ ಇಟ್ಟೆ. ಇವತ್ತು ನೋಡಿದ್ರೆ ನೀವೇ..."

ಗಡಿಯಾರದಣ್ಣ ಬಾಯಿ ತೆರೆದ. ಮೈಕು ಮುಚ್ಚಿತ್ತು. ತಾನು ಬೇಕೆಂದೇ ಫೇಲಾದದ್ದು, ಯಾಕೆ ಆದದ್ದು, ಎಲ್ಲವನ್ನೂ ಬಡಬಡಿಸಿದ. ಆಚೆ ಯಾರಿಗೂ ಒಂದಕ್ಷರ ಕೇಳಿಸಲಿಲ್ಲ. ಮಾತಾಡಬೇಕಾದವರು ಕೈ ಎತ್ತಬೇಕು ಎಂಬ ತರಗತಿಯ ನಿಯಮ ಆಗ ನೆನಪಾಯಿತು. ಬಲಗೈ ಅಕ್ಕನ ಹೆಗಲ ಮೇಲಿತ್ತು. ಅವಳ ಹಿಡಿತ ಬಿಡಿಸಿಕೊಂಡು ಎಡಗೈಯೇ ಎದ್ದಿತು, ನೆಟ್ಟಗೆ, ಸೂರಿನ ಕಡೆಗೆ, ಒಂದಿಷ್ಟೂ ನಡುಗದೆ.

"ಈಗ ಎತ್ತಿ ಏನು ಬಂತು ಸರ್," ಎಂದರು ಟೀಚರಮ್ಮ. "ಪರೀಕ್ಷೆ ಮುಗೀತಲ್ಲ."

ಲೈಬ್ರರಿಯಮ್ಮ ಮಾತ್ರ ಆ ಕೈಯನ್ನು ಬಹಳ ಹೊತ್ತು ನೋಡಿದರು. ನೋಡುತ್ತ ನೋಡುತ್ತ ಅವರಿಗೆ ಎಲ್ಲ ಅರ್ಥವಾಯಿತು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಮೂರು ತಿಂಗಳು ತಾನೇ," ಎಂದರು. "ಕಾಯ್ತೀನಿ."

ಪರದೆ ಆರಿತು. ಗಡಿಯಾರದಣ್ಣನ ಕೈ ಇನ್ನೂ ಮೇಲೇ ಇತ್ತು. ಕೊನೆಗೆ ಅಕ್ಕನೇ ಅದನ್ನು ಹಿಡಿದು ಕೆಳಗಿಳಿಸಿ, ಆಮೇಲೆ ಅದೇ ಕೈಗೆ ರಪ್ಪನೆ ಒಂದು ಏಟು ಕೊಟ್ಟಳು.