ಮಾವನ ಹೊಟ್ಟೆಗೆ ಎರಡು ಬೆಲ್ಟು

ನಂಬದಿದ್ರ ಬಿಡ್ರಿ, ನನಗೇನು ನಷ್ಟ? ರಕ್ತದಲ್ಲಿ ತೇಲುವ ಕೊಬ್ಬಿನ ಕಣಗಳ ಸುತ್ತ ಪ್ರೋಟೀನು ಹೇಗೆ ಸುತ್ತಿಕೊಂಡಿರುತ್ತದೆಂದು ಹುಡುಕುವ ಗಂಡು ಇಡೀ ಸಿರುಗುಪ್ಪ ಸೀಮೆಯಲ್ಲಿ ನಾನೊಬ್ಬನೇ. ಬಳ್ಳಾರಿಯ ಪ್ರಯೋಗಾಲಯ ಸೇರಿದಾಗಿನಿಂದ ನನಗೆ ಇಂಥವು ಆಗುತ್ತಲೇ ಇರುತ್ತವೆ.

ಯಂತ್ರ

ರಕ್ತವನ್ನು ಗರಗರ ತಿರುಗಿಸಿ ಆ ಕಣಗಳನ್ನು ಬೇರ್ಪಡಿಸುವ ಯಂತ್ರ ನಮ್ಮಲ್ಲಿ ಒಂದೇ. ಅದನ್ನು ನಾನೇ ನಡೆಸಬೇಕೆಂಬ ಹಟ ನನ್ನದು. ನಮ್ಮ ಗೈಡ್ ಮೇಡಂ ಮುಟ್ಟಗೊಡಲಿಲ್ಲ.

"ಊರಾಗ ಭತ್ತ ಕೊಯ್ಯೋ ಮಿಷನ್ನ ಓಡಿಸೀನ್ರಿ, ಇದೇನು ಮಹಾ?"

"ಅದಕ್ಕಽ ನನಗ ಭಯ," ಅಂದರು.

ಹೋಳಿಗೆ

ಮೇಡಂ ಒಂದು ಷರತ್ತು ಹಾಕಿದರು: "ಖಾಲಿ ಹೊಟ್ಟಿಯವರ ರಕ್ತ ತಾ, ಆಮ್ಯಾಲ ನೋಡೋಣ."

ರಕ್ತ ಕೊಡಲು ಒಪ್ಪಿದವರನ್ನೆಲ್ಲ ಬೆಳಗಾಗುತ್ತಲೇ ಕುರುಗೋಡಿನ ಅತ್ತೆಯ ಮನೆಗೆ ಕರೆಸಿದೆ. ಪಾಪ, ನೀರೂ ಮುಟ್ಟದೆ ಬಂದಿದ್ದರು. ರಕ್ತ ತೆಗೆಯಬೇಕಾದ ನರ್ಸಮ್ಮನ ಬಸ್ಸು ತಡವಾಯಿತು. ನಾನು ಸ್ಟ್ಯಾಂಡಿನಲ್ಲಿ ಕಾಯುತ್ತ ನಿಂತೆ. ಕೊನೆಗೆ ತಂದ ರಕ್ತ ತಿಳಿಯಾದಾಗ ಮೇಲೆ ಕೊಬ್ಬು ಬೆಳ್ಳಗೆ ನಿಂತಿತ್ತು.

"ರಕ್ತ ಕೇಳಿದ್ರ ಮಜ್ಜಿಗಿ ತಂದೀಯಲ್ಲೋ!" ಅಂದರು ಮೇಡಂ.

ಅತ್ತೆಗೆ ಫೋನು ಹಚ್ಚಿದೆ.

"ಮನಿಗೆ ಬಂದವರನ್ನ ಸುಮ್ನ ಕುಂದ್ರಿಸ್ಲೇನಲೇ? ಹೋಳಿಗಿ ಹಾಕೀನಿ, ತುಪ್ಪಾನೂ ಸುರದೀನಿ. ನೀ ಏನು ಹೆದರಬ್ಯಾಡ, ಯಾರಿಗೂ ಕಡಿಮಿ ಆಗಿಲ್ಲ."

ಬೆಲ್ಟು

ಮೇಡಂ ಕೊನೆಯ ಮಾತು ಹೇಳಿದರು: "ಪ್ರೋಟೀನು ಹೆಂಗ ಸುತ್ತಿರತೈತಿ ಅಂತ ಎಲ್ಲಾರ ಮುಂದ ತೋರಿಸು. ತಿಳೀತು ಅಂದ್ರ ಯಂತ್ರ ನಿನಗ."

ಸಿರುಗುಪ್ಪದಿಂದ ಮಾವನನ್ನೇ ಕರೆತಂದೆ. ಅವನ ಹೊಟ್ಟೆ ಅಂಥದ್ದು. ಬ್ರೂಸ್‌ಪೇಟೆಯಲ್ಲಿ ಜೀನ್ಸ್ ಬಟ್ಟೆಯ ಎರಡು ಬೆಲ್ಟು ಹೊಲಿಸಿದೆ. ಟೇಲರ್ ಕೇಳಿದ: "ಸೊಂಟಕ್ಕೇನ್ರಿ, ಟ್ರ್ಯಾಕ್ಟರಿಗೇನ್ರಿ?"

ಎಲ್ಲರ ಮುಂದೆ ಮಾವನನ್ನು ನಿಲ್ಲಿಸಿ, ಪಂಚೆಯ ಮೇಲೆ ಎರಡೂ ಬೆಲ್ಟು ಬಿಗಿದೆ. "ಮಾವ ಅಂದ್ರ ಕೊಬ್ಬು. ಬೆಲ್ಟು ಅಂದ್ರ ಪ್ರೋಟೀನು. ಒಂದರ ಮ್ಯಾಲೊಂದು, ಒಂದು ಎಡಕ್ಕ ಸುತ್ತಿದ್ರ ಇನ್ನೊಂದು ಬಲಕ್ಕ."

"ಕಣ್ಣಿಗೆ ಕಾಣದ್ದು ನಿನಗ ಹೆಂಗ ಗೊತ್ತಾತು?" ಮೇಡಂ ಕೇಳಿದರು.

"ಅಕ್ಕಪಕ್ಕ ಇದ್ದ ಜಾಗಕ್ಕ ರಸಾಯನದಿಂದ ಹೊಲಿಗಿ ಹಾಕ್ತೀವ್ರಿ. ಆಮ್ಯಾಲ ಬಿಚ್ಚಿ, ಯಾವುದು ಯಾವುದಕ್ಕ ಅಂಟೈತಿ ನೋಡಿದ್ರ, ಯಾರ ಪಕ್ಕ ಯಾರಿದ್ರು ತಿಳೀತೈತಿ."

ಹೊಲಿಗೆಯ ಬದಲು ಎರಡೂ ಬೆಲ್ಟಿಗೆ ಸೇರಿಸಿ ಟಕಟಕ ಪಿನ್ನು ಚುಚ್ಚಿದೆ. ಆಮೇಲೆ ಬಕ್ಕಲು ಬಿಚ್ಚಿ ಜೋರಾಗಿ ಎಳೆದೆ. ಬೆಲ್ಟಿನ ಜೊತೆ ಮಾವನ ಪಂಚೆಯೂ ಬಂತು.

ಪಟ್ಟೆಪಟ್ಟೆ ಚಡ್ಡಿಯಲ್ಲಿ ಮಾವ. ನಾನು ಅಂಜುವವನೇ? "ನೋಡ್ರಿ ಮೇಡಂ! ಪಕ್ಕದಾಗ ಪಂಚಿನೂ ಇತ್ತು. ಪಿನ್ನು ಸುಳ್ಳು ಹೇಳಂಗಿಲ್ಲ."

ಮಾವ ಪಂಚೆ ಕಸಿದುಕೊಂಡ. "ಲೇ, ಕೊಬ್ಬು ಮನಿಗೆ ಹೊಂಟೈತಿ ಅಂತ ನಿಮ್ಮ ಮೇಡಂಗ ಹೇಳು!"

ಮೇಡಂ ನಕ್ಕು ನಕ್ಕು ಕಣ್ಣೊರೆಸಿಕೊಂಡು, "ತಿಳೀತು, ತಿಳೀತು!" ಅಂದರು.

ಯಂತ್ರ ನನಗೆ ಸಿಕ್ಕಿತು, ಪ್ರತಿ ಮಂಗಳವಾರ.