ಪೊರಕೆ ವ್ಯಾನಿನಿಂದ ಕಂಡ ಬೆಲ್ಜಿಯಂ

ಸೈಕಲ್ ತುಳಿಯುವವರ ಹಿಂದೆ ವ್ಯಾನ್ ಓಡಿಸುವವನು ನಗುವುದಕ್ಕೆ ಬೇರೆಲ್ಲೂ ಹೋಗಬೇಕಾಗಿಲ್ಲ. ಕೂತಲ್ಲಿಗೇ ಎಲ್ಲ ಬರುತ್ತದೆ.

ಅಮೆರಿಕದ ಟೆಕ್ಸಸ್‌ನಲ್ಲಿ ಡಾಲಸ್, ಹ್ಯೂಸ್ಟನ್, ಆಸ್ಟಿನ್‌ನ ಕನ್ನಡದವರು ನಾವು ವರ್ಷಕ್ಕೊಮ್ಮೆ ಆಸ್ಟಿನ್ ಪಶ್ಚಿಮದ ಗುಡ್ಡಗಳಲ್ಲಿ ಒಂದು ದಿನದ ಸೈಕಲ್ ರೇಸ್ ನಡೆಸುತ್ತೇವೆ. ಶುರು ಮಾಡಿದವರು ಮೈಸೂರಿನಲ್ಲಿ ಪಾಠ ಮಾಡಿ ನಿವೃತ್ತರಾಗಿ ಇಲ್ಲಿಗೆ ಬಂದ ಮೇಷ್ಟ್ರು. ಬೆಲ್ಜಿಯಂನ ಗುಡ್ಡಗಾಡಿನಲ್ಲಿ ನೂರು ವರ್ಷಕ್ಕೂ ಹಿಂದಿನಿಂದ ನಡೆಯುತ್ತಿರುವ ಒಂದು ದಿನದ ದೊಡ್ಡ ರೇಸಿನ ಚರಿತ್ರೆ ಅವರಿಗೆ ಬಾಯಿಪಾಠ. ನಮ್ಮಲ್ಲಿ ಏನೇ ಎಡವಟ್ಟಾದರೂ "ಅಲ್ಲೂ ಹೀಗೇ ಆಗಿತ್ತು" ಎಂದು ಸಮಾಧಾನ ಹೇಳುತ್ತಾರೆ. ಇಂಥ ರೇಸುಗಳ ಕೊನೆಯ ವ್ಯಾನಿಗೆ ಪೊರಕೆ ಕಟ್ಟುತ್ತಿದ್ದರಂತೆ. ಸುಸ್ತಾಗಿ ನಿಂತವರನ್ನು ಗುಡಿಸಿಕೊಂಡು ಬರುವ ಗಾಡಿ ಎಂದು ಅರ್ಥ. ನನಗೆ ಸೈಕಲ್ ಬರುವುದಿಲ್ಲ, ವ್ಯಾನ್ ಇದೆ. ಹಾಗಾಗಿ ಇಂಡಿಯನ್ ಸ್ಟೋರಿನಿಂದ ತಂದ ಕಡ್ಡಿಪೊರಕೆಯೊಂದು ನನ್ನ ವ್ಯಾನಿನ ಬೆನ್ನಿಗೆ ಬಿತ್ತು. ಪ್ರತಿ ವರ್ಷ ತಪ್ಪದೆ ಆ ವ್ಯಾನ್ ಹತ್ತುವವರು ಮೇಷ್ಟ್ರೇ.

ಎಷ್ಟನೇ ಫ್ಲೋರು?

ಹ್ಯೂಸ್ಟನ್ ಕಡೆಯವರ ಕಷ್ಟ ಬೇರೆ. ಅಲ್ಲಿನ ನೆಲವೆಲ್ಲ ಚಪಾತಿ ಲಟ್ಟಿಸಿದ ಹಾಗೆ ಮಟ್ಟಸ. ಏರು ಎಂಬುದೇ ಇಲ್ಲ. ಫುಲ್‌ಶೀರ್‌ನಲ್ಲಿರುವ ಧಾರವಾಡದ ಎಂಜಿನಿಯರ್ ಒಬ್ಬರು ಅಭ್ಯಾಸಕ್ಕೆ ತಮ್ಮ ಆಫೀಸಿನ ಪಾರ್ಕಿಂಗ್ ಗ್ಯಾರೇಜನ್ನೇ ಹಿಡಿದರು. ಶನಿವಾರ, ಭಾನುವಾರ ಅದು ಖಾಲಿ. ಕೆಳಗಿನಿಂದ ಮೇಲಿನ ಮಹಡಿವರೆಗೆ ಸುತ್ತಿ ಸುತ್ತಿ ಹತ್ತುವುದು, ಇಳಿಯುವುದು, ಮತ್ತೆ ಹತ್ತುವುದು. ಸೆಕ್ಯುರಿಟಿಯವನು ಪಾಪ, ಇವರು ಕಾರು ಎಲ್ಲಿ ನಿಲ್ಲಿಸಿದ್ದೆ ಅಂತ ಮರೆತು ಹುಡುಕುತ್ತಿದ್ದಾರೆ ಎಂದುಕೊಂಡಿದ್ದನಂತೆ.

ರೇಸಿನ ದಿನ ಮೊದಲ ಗುಡ್ಡದ ಅರ್ಧಕ್ಕೇ ಅವರ ಮುಖ ಟೊಮೆಟೊ ಹಣ್ಣಾಗಿತ್ತು. ನನ್ನ ಕಿಟಕಿ ಹಿಡಿದುಕೊಂಡು ಕೇಳಿದರು:

"ಇದು ಎಷ್ಟನೇ ಫ್ಲೋರ್‌ ರೀ?"

"ಇನ್ನೂ ಬೇಸ್‌ಮೆಂಟ್ ಸರ್."

ಅವರು ಸೈಕಲ್ ಇಳಿದು, ವ್ಯಾನಿನ ಬಾಗಿಲು ಎಳೆಯುತ್ತಾ ಹೇಳಿದರು: "ಹಂಗಾದ್ರ ಲಿಫ್ಟಿನ್ಯಾಗ ಹೋಗೂಣು ನಡೀರಿ."

ಗೆದ್ದ ಕಾಲು

ಬೆಲ್ಜಿಯಂನ ರೇಸು ಒಂದು ಸಣ್ಣ ಊರಿನವರೆಗೆ ಹೋಗಿ ಹಿಂದಿರುಗುತ್ತದೆ. ಆ ಊರನ್ನು ಯಾಕೆ ಆರಿಸಿದರು ಗೊತ್ತೇ? ನಡೆಸುವವರು ಅಲ್ಲಿಗೆ ರೈಲಿನಲ್ಲಿ ಹೋಗಿಬರಬಹುದಿತ್ತು, ಅಷ್ಟೇ. ನಡೆಸುವವರ ಅನುಕೂಲವೇ ಮುಖ್ಯ ಎಂಬ ಈ ಐತಿಹಾಸಿಕ ಪಾಠ ಕಲಿತ ಮೇಷ್ಟ್ರು, ಉಡುಪಿಯ ಆಂಟಿಯೊಬ್ಬರ ಮನೆಯಿಂದ ನಮ್ಮ ರೇಸು ತಿರುಗಬೇಕು ಎಂದು ಗೊತ್ತುಮಾಡಿದರು. ಅಲ್ಲಿ ನೀರುದೋಸೆ ಸಿಗುತ್ತದೆ.

ರೇಸು ಜೋರಾಗಿತ್ತು. ಉಸಿರು ಬಿಡಲು ಪುರುಸೊತ್ತಿಲ್ಲ. ಆದರೂ ಆಂಟಿಯ ಬಾಗಿಲು ಬಂದೊಡನೆ ಎಲ್ಲರೂ ಸಾಲಾಗಿ ಶೂ ಬಿಚ್ಚಿದರು. ಬೂಟುಗಾಲಲ್ಲಿ ಒಳಗೆ ಹೋಗುವುದುಂಟೇ? ದೋಸೆ ತಿಂದು ಹೊರಗೆ ಓಡಿ ಬಂದರೆ ಎಲ್ಲ ಶೂಗಳೂ ಕಪ್ಪು, ಎಲ್ಲಕ್ಕೂ ಅಡಿಯಲ್ಲಿ ಪೆಡಲಿಗೆ ಸಿಕ್ಕಿಸುವ ಕೊಂಡಿ. ಅವಸರಕ್ಕೆ ಸಿಕ್ಕಿದ್ದನ್ನು ಹಾಕಿಕೊಂಡು ಹೊರಟವರಿಗೆ ಕೊಂಡಿ ಪೆಡಲಿಗೆ ಕೂರಲೇ ಇಲ್ಲ. ಕೊನೆಗೆ ಹೊರಬಂದ ಪಿಎಚ್‌ಡಿ ಹುಡುಗನಿಗೆ ಉಳಿದಿದ್ದ ಜೋಡಿ ಕಾಲಿಗೆ ಏರಲೇ ಇಲ್ಲ. ಅವನು ಒಳಗೆ ಒಂದು ಬಾಗಿಲ ಮುಂದೆ ಕಂಡ ಹವಾಯಿ ಚಪ್ಪಲಿ ಮೆಟ್ಟಿ ತುಳಿದ, ಎಲ್ಲರನ್ನೂ ಹಿಂದೆ ಹಾಕಿದ, ಗೆದ್ದ.

ಚಪ್ಪಾಳೆಯ ಮಧ್ಯೆ ಆಂಟಿಯ ಫೋನ್ ಬಂತು. "ಗೆದ್ದದ್ದು ಯಾರಾದ್ರೂ ಆಗ್ಲಿ ಮಾರಾಯ್ರೇ, ಚಪ್ಪಲಿ ನಮ್ಮವರದ್ದು. ಅವರು ಬಚ್ಚಲಿನಿಂದ ಹೊರಗೆ ಬರ್ಲಿಕ್ಕೆ ಕಾಯ್ತಾ ಇದ್ದಾರೆ."

ಎಲ್ಲರೂ ಮೊದಲು

ಮರುವರ್ಷ ದಾರಿಯಲ್ಲಿ ರೈಲ್ವೆ ಗೇಟು ಬಿತ್ತು. ಟೆಕ್ಸಸ್‌ನ ಗೂಡ್ಸ್ ರೈಲು ಒಮ್ಮೆ ಬಂತೆಂದರೆ ಮುಗಿಯುವುದು ಯಾವಾಗಲೋ. ಎಲ್ಲರೂ ನಿಂತರು. ಡಾಲಸ್ ಪಕ್ಕದ ಸೌತ್‌ಲೇಕ್‌ನ ಡಾಕ್ಟರೊಬ್ಬರು ಮಾತ್ರ ಮೆಲ್ಲನೆ ಪಕ್ಕದ ರಸ್ತೆಗೆ ಜಾರಿ, ಸೇತುವೆ ಕೆಳಗೆ ನುಸುಳಿ, ಒಬ್ಬರೇ ಹೋಗಿ ಮೊದಲಿಗರಾದರು. ಗೇಟು ಎದ್ದ ಮೇಲೆ ಎಲ್ಲರಿಗಿಂತ ಮುಂದೆ ಬಂದವಳು ಟೇಲರ್ ಎಂಬ ಊರಿನ ಕಂಪ್ಯೂಟರ್ ಚಿಪ್ ಕಾರ್ಖಾನೆಯಲ್ಲಿ ಕೆಲಸ ಮಾಡುವ ಹುಡುಗಿ.

"ಇದು ಮೋಸ ಅಂಕಲ್!" ಎಂದಳು ಮೇಷ್ಟ್ರಿಗೆ.

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ಅಲ್ಲೂ ಹೀಗೇ ಆಗಿತ್ತಮ್ಮಾ. ಒಬ್ಬ ಮುಚ್ಚಿದ ಗೇಟು ದಾಟಿ ಗೆದ್ದ. ತಕರಾರಾಯ್ತು. ಕೊನೆಗೆ ಅವನಿಗೂ ಮೊದಲ ಸ್ಥಾನ, ಹಿಂದೆ ಬಂದವನಿಗೂ ಮೊದಲ ಸ್ಥಾನ."

ಅಷ್ಟು ಹೇಳಿದ್ದೇ ತಪ್ಪಾಯಿತು. "ನಾವೂ ಅದೇ ಗೇಟಿನಲ್ಲೇ ನಿಂತಿದ್ವಲ್ಲ ಸರ್!" ಎಂದು ಉಳಿದವರೆಲ್ಲ ಎದ್ದರು. ನ್ಯಾಯ ನ್ಯಾಯವೇ. ಆ ವರ್ಷ ನಮ್ಮಲ್ಲಿ ಸೋತವರು ಒಬ್ಬರೇ, ತೀರ್ಪು ಕೊಟ್ಟ ಮೇಷ್ಟ್ರು. ಅವರು ನನ್ನ ವ್ಯಾನಿನಲ್ಲಿ ಬಂದಿದ್ದರು.

ಆಂಟಿಯ ವಾಕಿಂಗ್

ಈ ಸಲ ಹೊರಡುವ ಮುಂಚೆಯೇ ಮೇಷ್ಟ್ರ ಹೆಂಡತಿ, ಅಂದರೆ ನಮ್ಮ ಮೈಸೂರಿನ ಆಂಟಿ, ಎಲ್ಲರ ಮುಂದೆ ಹೇಳಿಬಿಟ್ಟರು: "ಇವತ್ತೂ ವ್ಯಾನ್ ಹತ್ತಿದ್ರೆ ನಾಳೆ ಸೈಕಲ್ ಮಾರ್ತೀನಿ. ವಯಸ್ಸು ಎಪ್ಪತ್ತರ ಹತ್ರ ಬಂತು. ಎಲ್ಲಾದ್ರೂ ಬಿದ್ದು ಸೊಂಟ ಮುರ್ಕೊಂಡ್ರೆ ಏನ್ರೀ ಗತಿ? ನನಗೆ ದಿನಾ ಜೀವ ಕೈಯಲ್ಲಿ ಹಿಡ್ಕೊಂಡು ಕೂತಿರೋಕಾಗಲ್ಲ."

ಮೇಷ್ಟ್ರು ಚರಿತ್ರೆ ಹೇಳಲಿಲ್ಲ. ಹೆಲ್ಮೆಟ್ ಬಿಗಿದರು.

ಉಳಿದವರೆಲ್ಲ ಗುರಿ ಮುಟ್ಟಿ, ಊಟಕ್ಕೆ ಕೂತಾಗಿತ್ತು. ಕೊನೆಯ ಏರಿನ ಬುಡದಲ್ಲಿ ಮೇಷ್ಟ್ರು, ಅವರ ಹಿಂದೆ ನಾನು. ಬ್ರೇಕಿನ ಮೇಲಿನ ಕಾಲು ತೆಗೆದರೆ ಗುದ್ದಿಬಿಡುತ್ತೇನೆ, ಅಂಥ ವೇಗ. "ನೀರು ಬೇಕಾ ಸರ್?" ಎಂದರೆ "ಮಾತಾಡಿಸಬೇಡ" ಎಂದರು. ಇಷ್ಟು ವರ್ಷದಲ್ಲಿ ಮೊದಲ ಸಲ ನನ್ನ ವ್ಯಾನು ಖಾಲಿಯಾಗಿಯೇ ಮುಟ್ಟಲಿ ದೇವರೇ ಎಂದುಕೊಂಡೆ.

ಕಾದು ಕಾದು ಬೇಸತ್ತ ಮೈಸೂರಿನ ಆಂಟಿ ಮೇಲಿನಿಂದ ಇಳಿದು ಬಂದರು. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಫೋನು, ಅತ್ತ ಡಾಲಸ್‌ನ ತಂಗಿ. ಗಂಡನನ್ನು ಒಮ್ಮೆ ನೋಡಿ, ತಿರುಗಿ, ಪಕ್ಕದಲ್ಲೇ ನಡೆಯತೊಡಗಿದರು. "ಏನಿಲ್ಲ ಕಣೇ, ವಾಕಿಂಗ್ ಮಾಡ್ತಿದೀನಿ. ಹೂಂ, ಇವರೂ ಜೊತೆಗಿದ್ದಾರೆ. ಇಲ್ವೇ, ಇವರು ಸೈಕಲ್ ಮೇಲೆ!" ನಡುನಡುವೆ ಆಂಟಿ ನಿಲ್ಲಬೇಕಾಗುತ್ತಿತ್ತು, ಮೇಷ್ಟ್ರು ಬರಲಿ ಅಂತ. ಮೇಷ್ಟ್ರು ಮಾತ್ರ ಹಲ್ಲು ಕಚ್ಚಿಕೊಂಡು ತುಳಿದರು. ಕಾಲು ನೆಲಕ್ಕೆ ಇಡಲಿಲ್ಲ.

ಗೆರೆಯನ್ನು ಮೊದಲು ದಾಟಿದವರು ಆಂಟಿ. ಕೊಡೆ ಮಡಿಸಿ ನಿಂತರು. ಆಮೇಲೆ ಮೇಷ್ಟ್ರು ದಾಟಿದರು. ಎಲ್ಲರೂ ತಟ್ಟೆ ಕೆಳಗಿಟ್ಟು ಆಂಟಿಯ ಮುಖ ನೋಡಿದರು.

"ಮಾರೋದು ಬೇಡ ಬಿಡಿ," ಎಂದರು ಆಂಟಿ, ಸೆರಗಿನಿಂದ ಮೇಷ್ಟ್ರ ಬೆವರು ಒರೆಸುತ್ತಾ. "ನನ್ನ ಭಯ ಹೋಯ್ತು. ನೀವು ಬೀಳೋ ಹಾಗಾದ್ರೆ ನಾನು ಅಡುಗೆ ಮನೆಯಿಂದ ನಡ್ಕೊಂಡು ಬಂದು ಹಿಡ್ಕೋಬಹುದು."